ಕೇಂದ್ರದ ಕೆಲಸ-ನಿರುದ್ಯೋಗ ಸರ್ವೆ (ಪಿಎಲ್‌ಎಫ್‌ಎಸ್) ನಮ್ಮನೆಗೂ ಬಂತು: 5ಕ್ಕೆ 4

ಹೋಟ್ಲು ಮೊಬೈಲು ಎಲ್ಲಾದಕ್ಕೂ ಸ್ಟಾರ್ ಕೊಡ್ತೀವಿ, ಇದಕ್ಕೂ ಕೊಡೋಣ ಅಂತ. ಪೇಪರ್‌ನಲ್ಲಿ ತಿಂಗಳ ಮಧ್ಯ "ನಿರುದ್ಯೋಗ ದರ ಇಷ್ಟು" ಅಂತ ಬರುತ್ತಲ್ಲ, ಆ ನಂಬರ್ ಹುಟ್ಟೋದು ಈ ಸರ್ವೆಯಿಂದ. ನಮ್ದು ಹಾಸನ ಕಡೆ ಹಳ್ಳಿ. ಊರಲ್ಲಿ ಮೊದ್ಲು ಮನೆಗಳ ಪಟ್ಟಿ ಮಾಡ್ಕೊಂಡ್ರು, ಆಮೇಲೆ ಅದ್ರಲ್ಲಿ 12 ಮನೆ ಆರ್ಸಿದ್ರು, ಅದ್ರಲ್ಲಿ ನಮ್ದೂ ಒಂದು. ಮೇಷ್ಟ್ರುಗಳು ಮನೆಮನೆಗೆ ಬಂದಿದ್ರಲ್ಲ ಹಿಂದುಳಿದ ವರ್ಗಗಳ ಸಮೀಕ್ಷೆಗೆ, ಇದು ಅದಲ್ಲ, ಆದ್ರೆ ಊರಲ್ಲಿ ಎಲ್ರೂ ಅದೇ ಅನ್ಕೊಂಡ್ರು. ಪಕ್ಕದ್ಮನೆಯವ್ರಂತೂ ಬಿಪಿಎಲ್ ಕಾರ್ಡ್ ಕ್ಯಾನ್ಸಲ್ ಮಾಡೋಕೆ ಬಂದಿದಾರೆ ಅಂತ ಗಾಬರಿ ಬಿದ್ರು. ಆಧಾರ್ ಕೇಳಲ್ಲ, ಪಾನ್ ಕೇಳಲ್ಲ, ಓಟಿಪಿ ಅಂತೂ ಇಲ್ವೇ ಇಲ್ಲ. ತಿಂಗಳ ಖರ್ಚೆಷ್ಟು ಅಂತ ಕೇಳ್ತಾರೆ, ಅಲ್ಲಿ ಸ್ವಲ್ಪ ಎಲ್ರೂ ತಡವರಿಸ್ತಾರೆ.

ಬಂದಿದ್ದ ಮೇಡಂ ಐಡಿ ಕಾರ್ಡ್ ತೋರ್ಸಿ, ಟ್ಯಾಬ್ ಹಿಡ್ಕೊಂಡು ಜಗುಲಿ ಮೇಲೆ ಕೂತ್ರು. ಉತ್ತರ ಹೇಳೋಕೆ ಅಪ್ಪ ಮುಂದೆ. ಅಮ್ಮಂದು ಬಂದಾಗ "ಅವ್ಳೇನ್ ಮಾಡ್ತಾಳೆ, ಮನೇಲಿರ್ತಾಳೆ" ಅಂದ್ಬಿಟ್ರು. ಇಲ್ಲಿಗೆ ನಿಲ್ಲಿಸಿದ್ರೆ ಅಮ್ಮಂಗೆ ಸರ್ವೆ ಪಟ್ಟೀಲಿ ಕೋಡ್ 92, ಅಂದ್ರೆ ಬರೀ ಮನೆಗೆಲಸ, ಲೆಕ್ಕದಿಂದ ಹೊರಗೆ. ಆದ್ರೆ ಆಯಮ್ಮ ಬಿಡ್ಲಿಲ್ಲ.

"ಹಾಲು ಕರೆಯೋದು ಯಾರು ಸರ್?"
"ಅವ್ಳೇ."
"ಸೀಮೆಹುಲ್ಲು ಕೊಯ್ಯೋದು, ಸಗಣಿ ಬಾಚೋದು?"
"ಅದೂ ನಾನೇ ಕಣವ್ವ" ಅಂತ ಒಳಗಿಂದ ಅಮ್ಮನೇ ಕೂಗಿದ್ರು.
"ಡೈರಿ ಪಾಸ್‌ಬುಕ್ ಯಾರ್ ಹೆಸ್ರಲ್ಲಿದೆ?"
ಅಪ್ಪಂದು.

ಅಲ್ಲಿಗೆ ಅಮ್ಮ ಕೋಡ್ 21 ಆದ್ರು, ಮನೆ ಕಸುಬಲ್ಲಿ ಸಂಬಳ ಇಲ್ದೆ ದುಡಿಯೋ ಸಹಾಯಕಿ. ಹಸು ನಂದು, ಸಹಾಯಕಿ ನಾನಾ ಅಂತ ಅಮ್ಮ ಗೊಣಗಿದ್ದು ಬೇರೆ ವಿಷ್ಯ. ನಂಗೆ ಈ ಸರ್ವೆ ಹಿಡಿಸಿದ್ದು ಇಲ್ಲೇ, ಪ್ರಶ್ನೆಪಟ್ಟಿ ಚೆನ್ನಾಗಿದೆ, ಆದ್ರೆ ಕೇಳೋರು ಎರಡ್ನೇ ಪ್ರಶ್ನೆ ಕೇಳಿದ್ರೆ ಮಾತ್ರ. ನೋಡಿ, 15 ವರ್ಷ ಮೇಲ್ಪಟ್ಟ ಹೆಂಗಸ್ರಲ್ಲಿ ದುಡಿಯೋರು ಮತ್ತೆ ಕೆಲಸ ಹುಡುಕ್ತಿರೋರು ಸೇರಿ 2017-18ರಲ್ಲಿ 23.3% ಇದ್ದಿದ್ದು 2023-24ಕ್ಕೆ 41.7% ಆಗಿದೆ. ಒಬ್ರು ಇದು ದೊಡ್ಡ ಸಾಧನೆ ಅಂತಾರೆ, ಇನ್ನೊಬ್ರು ಪೂರ್ತಿ ಬುರುಡೆ ಅಂತಾರೆ. ನಮ್ಮಮ್ಮನ್ನ ನೋಡಿದ್ಮೇಲೆ ನಂಗೆ ಎರಡೂ ಸರಿ ಅನ್ಸಲ್ಲ. ಕೆಲಸ ಮಾಡೋದು ನಿಜ, ಕೈಗೆ ಕಾಸು ಬರಲ್ಲ ಅನ್ನೋದೂ ನಿಜ, ಅದಕ್ಕೆ ಆ ಪರ್ಸೆಂಟ್ ಓದ್ವಾಗ ಅದ್ರಲ್ಲಿ ಕೋಡ್ 21 ಎಷ್ಟು, ಸಂಬಳಕ್ಕೆ ದುಡಿಯೋ ಕೋಡ್ 31 ಎಷ್ಟು ಅಂತ ಬಿಡಿಸಿ ನೋಡ್ಬೇಕು, ಟಿವಿಯವ್ರು ಅದನ್ನ ಹೇಳಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದು ತಂಗಿ ಸಲುವಾಗಿ. ಡಿಗ್ರಿ ಮುಗಿಸಿ ಕೆಪಿಎಸ್‌ಸಿಗೆ ಓದ್ತಿದಾಳೆ, ಸಂಜೆ ಹೊತ್ತು ನಮ್ಮ ಬೀದಿ ಮನೆಗಳ ಮಕ್ಳಿಗೆ ಟ್ಯೂಷನ್ ಹೇಳ್ತಾಳೆ. ಕಳೆದ 7 ದಿನದಲ್ಲಿ ಯಾವ್ದಾದ್ರೂ ಒಂದು ದಿನ ಒಂದೇ ಒಂದು ಗಂಟೆ ಕೆಲಸ ಮಾಡಿದ್ರೂ ವಾರದ ಲೆಕ್ಕದಲ್ಲಿ ಉದ್ಯೋಗ ಇರೋರು ಅಂತಾನೆ! ಅವ್ಳಂತೂ ಕೇಳಿ ನಕ್ಕಿದ್ದೇ ನಕ್ಕಿದ್ದು. ಐಎಲ್‌ಓ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ರೂಲೂ ಹಂಗೇ ಇರೋದು, ಬೇರೆ ದೇಶಗಳ ಜೊತೆ ಹೋಲಿಸ್ಬೇಕಲ್ಲ ಅನ್ನೋದು ಅರ್ಥ ಆಗುತ್ತೆ, ಆದ್ರೂ ನಮ್ಮಂಥ ಊರಲ್ಲಿ ಪೂರ್ತಿ ಕೈ ಕಟ್ಟಿ ಕೂತಿರೋರು ಯಾರು? ಏನೋ ಒಂದು ಮಾಡ್ತಾನೇ ಇರ್ತಾರೆ. ಒಳ್ಳೇದು ಅಂದ್ರೆ ದಿನಕ್ಕೆಷ್ಟು ಗಂಟೆ, ಸಂಪಾದನೆ ಎಷ್ಟು ಅಂತಾನೂ ಬರ್ಕೊಳ್ತಾರೆ, ಆದ್ರೆ ಹೆಡ್‌ಲೈನಿಗೆ ಅದು ಬರಲ್ಲ.

ಇನ್ನೊಂದು ಕನ್ಫ್ಯೂಷನ್ ಬಗ್ಗೆ ಹೇಳ್ಬಿಡ್ತೀನಿ. 2023-24ರ ವಾರ್ಷಿಕ ವರದೀಲಿ ನಿರುದ್ಯೋಗ 3.2%, 2025 ಏಪ್ರಿಲ್‌ದು ಅಂತ ಮೇ 15ಕ್ಕೆ ಬಿಟ್ಟ ಮೊದಲ ಮಾಸಿಕ ವರದೀಲಿ 5.1%. ವಾಟ್ಸಾಪಲ್ಲಿ ಆಗ ನೋಡ್ಬೇಕಿತ್ತು, ವರ್ಷದಲ್ಲಿ ಅಷ್ಟೊಂದು ಏರ್ತಾ ಅಂತ! ಅಳತೆಕೋಲೇ ಬೇರೆ ಮಾರಾಯ್ರೆ, ಅದು ಹಿಂದಿನ 365 ದಿನದ ಲೆಕ್ಕ, ಇದು 7 ದಿನದ್ದು. ಪಕ್ಕಪಕ್ಕ ಇಟ್ಟು ಜಗಳ ಆಡೋ ಹಾಗೇ ಇಲ್ಲ.

ಮೊದ್ಲೆಲ್ಲ ಐದು ವರ್ಷಕ್ಕೊಂದ್ಸಲ ಮಾಡ್ತಿದ್ರು, 2011-12 ಆದ್ಮೇಲೆ ನಿಂತು 2017ರಲ್ಲಿ ಈ ಹೊಸ ರೂಪ ಬಂತು, 2025 ಜನವರಿಯಿಂದ ಹಳ್ಳಿಗೂ ಪೇಟೆಗೂ ತಿಂಗಳ ಲೆಕ್ಕ. ಅದಕ್ಕೇ ಒಂದೇ ಮನೆಗೆ ನಾಲ್ಕು ತಿಂಗಳು ಸತತ ಬರ್ತಾರೆ. ಮೊದಲ್ನೇ ಸಲ ಉದ್ದ, ಆಮೇಲಿನವು ಬರೀ ವಾರದ ಕಥೆ, ಬೇಗ ಮುಗಿಯುತ್ತೆ. ಅಪ್ಪಂಗೆ ಅದೂ ಬೇಜಾರು, "ಹೋದ್ ತಿಂಗ್ಳೇ ಹೇಳಿದ್ನಲ್ಲ" ಅಂತ.

ನಿಮ್ಮನೆಗೆ ಬಂದ್ರೆ ಐಡಿ ನೋಡಿ ಕೂರ್ಸಿ, ಯಜಮಾನ್ರನ್ನೇ ಮುಂದೆ ಬಿಡ್ಬೇಡಿ, ಅಮ್ಮಂದು ಅಮ್ಮನೇ ಹೇಳ್ಲಿ. ಹೊರಗೆ ದುಡಿಯೋ ಮಗನನ್ನ ಸೇರಿಸ್ಬೇಕಾ ಅಂತ ಮೊದ್ಲೇ ಕೇಳಿ, ನಮ್ಮಣ್ಣ ವರ್ಷದಿಂದ ಬೆಂಗ್ಳೂರಲ್ಲೇ ಇರೋದ್ರಿಂದ ಅವ್ನ ಹೆಸ್ರು ನಮ್ಮನೆ ಪಟ್ಟೀಲಿ ಬರ್ಲಿಲ್ಲ.