ಲ್ವಾರ್ ತೀರವೋ, ಲೊಟ್ ಕಣಿವೆಯೋ?

ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಗ್ರಾವೆಲ್ ಸೈಕಲ್ (ಜಲ್ಲಿ ದಾರಿಗೂ ಒಗ್ಗುವ ದಪ್ಪ ಟೈರಿನ ಸೈಕಲ್) ತುಳಿಯಬೇಕೇ? ಈ ಎರಡು ನದಿಗಳಲ್ಲಿ ನನ್ನ ಓಟು ಲೊಟ್‌ಗೆ. ಆದರೆ ಎಲ್ಲರಿಗೂ ಅಲ್ಲ.

ಲ್ವಾರ್ ನದಿ ಪಕ್ಕದ ಸೈಕಲ್ ದಾರಿ ನೆವೇರ್ ಊರಿನಿಂದ ಅಟ್ಲಾಂಟಿಕ್ ಕಡಲಿನವರೆಗೆ ಸುಮಾರು 900 ಕಿ.ಮೀ. ಏರು ಇಲ್ಲವೆಂದೇ ಹೇಳಬೇಕು. ದಾರಿಯುದ್ದಕ್ಕೂ ಫಲಕ, ಶಾಂಬೋರ್‌ನಂಥ ಅರಮನೆ, ಸುಸ್ತಾದರೆ ಹತ್ತಲು ರೈಲು. ಮಕ್ಕಳು ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ. ಆದರೆ ಬಹಳಷ್ಟು ಕಡೆ ಡಾಂಬರು. ಗ್ರಾವೆಲ್ ಟೈರಿಗೆ ಅಲ್ಲೇನು ಕೆಲಸ, ಅಲ್ವಾ?

ಲೊಟ್ ಹಾಗಲ್ಲ. ನದಿ ಪಕ್ಕ ಸಲೀಸು, ಮೇಲೆ ಹತ್ತಿದರೆ ತೊಡೆ ಉರಿಯುತ್ತದೆ. ಸಾಂ-ಸಿರ್-ಲಾಪೊಪಿ ಊರು ನೀರಿನಿಂದ ಸುಮಾರು 100 ಮೀಟರ್ ಮೇಲೆ ಬಂಡೆಗೆ ಅಂಟಿಕೊಂಡಿದೆ. ಅದರಾಚೆ ಸುಣ್ಣಕಲ್ಲಿನ ಬಯಲು: ಕುಳ್ಳ ಓಕ್ ಮರಗಳು, ಗಾರೆಯಿಲ್ಲದೆ ಜೋಡಿಸಿದ ಕಲ್ಲುಗೋಡೆ, ಟೈರಿನಡಿ ಕರಕರ ಎನ್ನುವ ಬಿಳಿ ಜಲ್ಲಿ. 40 ಮಿ.ಮೀ. ಟೈರು ಹಾಕಿಸಿದ್ದು ಸಾರ್ಥಕವಾಗುವುದು ಇಲ್ಲೇ. ಬೂಝಿಯೆಸ್ ಹತ್ತಿರ, ಹಿಂದೆ ದೋಣಿ ಎಳೆಯಲು ಬಂಡೆ ಕೊರೆದು ಮಾಡಿದ ದಾರಿಯಿದೆ. ಸೈಕಲ್ ಬದಿಗಿಟ್ಟು ನಡೆದೇ ನೋಡಿ.

ಲೊಟ್‌ನ ಆ ಸುಣ್ಣಕಲ್ಲಿನ ಬಯಲಲ್ಲಿ ನೀರು ಸಿಗುವುದು ಕಷ್ಟ, ಎರಡು ಬಾಟಲಿ ತುಂಬಿಸಿಕೊಳ್ಳಿ. ಎರಡೂ ಕಡೆ ಹಳ್ಳಿ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುವುದು ಮಾಮೂಲು, ಎಷ್ಟೋ ಕಡೆ ಸೋಮವಾರ ಪೂರ್ತಿ ರಜೆ. ಬ್ರೆಡ್ಡು ಬೆಳಿಗ್ಗೆಯೇ ಕೊಂಡುಬಿಡಿ.