ಗುಂಡುತೋಪಿನ ಮನವಿ, ದಿಲ್ಲಿಯ ಸಮಿತಿ: ಬಳಸಿ ನೋಡಿದ ಮೇಲೆ ನನ್ನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕದಲ್ಲಿ 5ಕ್ಕೆ 3 ಸ್ಟಾರ್. ಸೇವೆ ಯಾವುದು ಅಂದರೆ, ಸಂಸತ್ತಿನ ಸಮಿತಿಗಳು ನಮ್ಮಂಥ ಜನರಿಂದ ಅಭಿಪ್ರಾಯ ಕೇಳುವುದು, ಆಮೇಲೆ ವರದಿ ಬರೆದು ಎಲ್ಲರಿಗೂ ಓದಲು ಇಡುವುದು. ಇದಕ್ಕೂ ವಿಮರ್ಶೆ ಬರೀತಾರಾ ಅನ್ನಬೇಡಿ. ನಮ್ಮ ತೆರಿಗೆ ದುಡ್ಡಿನಲ್ಲಿ ನಡೆಯುವ ಸೇವೆ ಇದು. ನಾನು ಬಳಸಿದ್ದೇನೆ, ಅದೂ ಕಾಡಿನ ಕಾನೂನಿನ ವಿಷಯಕ್ಕೆ. ನಮ್ಮ ಕೋಲಾರದ ಕಡೆಯವರು ಇನ್ನೂ ಜಾಸ್ತಿ ಜನ ಬಳಸಲಿ ಅಂತಲೇ ಬರೆಯುತ್ತಿದ್ದೇನೆ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಊರ ಮುಂದೆ ಗುಂಡುತೋಪಿದೆ. ಹಳೇ ಹುಣಸೆ ಮರಗಳು, ಹೊಂಗೆ, ನಾಲ್ಕೈದು ನೇರಳೆ. ದನ ಕಟ್ಟುವುದು ಅಲ್ಲೇ, ಊರಹಬ್ಬಕ್ಕೆ ಒಲೆ ಹೂಡುವುದೂ ಅಲ್ಲೇ. ಒಂದು ಹುಣಸೆ ಮರದ ಬುಡದಲ್ಲಿ ಪೊಟರೆ ಇದೆ, ಚಿಕ್ಕ ಮಕ್ಕಳಿಬ್ಬರು ಒಳಗೆ ಕೂರಬಹುದು. ನಾನೂ ಕೂತಿದ್ದೆ, ಈಗ ನನ್ನ ತಂಗಿ ಮಗಳು ಕೂರುತ್ತಾಳೆ. ಆದರೆ ಪಹಣಿ ತೆಗೆದು ನೋಡಿದರೆ ಅದು ಕಾಡು ಅಂತ ಎಲ್ಲೂ ಇಲ್ಲ. ಸರ್ಕಾರಿ ಖರಾಬು, ಗುಂಡುತೋಪು ಅಂತ ಅಷ್ಟೇ ಇದೆ.

ಈ ಒಂದು ಸಾಲೇ ನನ್ನನ್ನು ಸಮಿತಿವರೆಗೆ ಕರೆದುಕೊಂಡು ಹೋಗಿದ್ದು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ ತಂದಿತು. ಅದರ ಪ್ರಕಾರ 1980ರ ಅರಣ್ಯ ಕಾಯ್ದೆಯ ರಕ್ಷಣೆ ಸಿಗಬೇಕಾದರೆ ಆ ಜಾಗ ಕಾನೂನಿನಂತೆ ಅರಣ್ಯ ಅಂತ ಘೋಷಣೆ ಆಗಿರಬೇಕು, ಇಲ್ಲವೇ 1980ರ ಅಕ್ಟೋಬರ್ 25ರಿಂದ ಈಚೆಗೆ ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಬರೆದಿರಬೇಕು. ಮೊದಲು ಹಾಗಿರಲಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ನಿಘಂಟಿನ ಅರ್ಥದಲ್ಲಿ ಕಾಡು ಅನ್ನಿಸಿಕೊಳ್ಳುವ ಜಾಗವೆಲ್ಲ ಕಾಡೇ, ಅದರ ಒಡೆಯ ಯಾರೇ ಆಗಿರಲಿ ಅಂದಿತ್ತು. ನಮ್ಮ ತೋಪು ಆ ಅರ್ಥಕ್ಕೆ ಬರುತ್ತಾ ಇಲ್ವಾ ಅಂತ ವಾದ ಮಾಡಬಹುದು. ಹೊಸ ಕಾನೂನು ಬಂದರೆ ಆ ವಾದಕ್ಕೇ ಜಾಗ ಇರಲ್ಲ ಅಲ್ವಾ, ಅದು ಆಗ ನನ್ನ ಹೆದರಿಕೆ ಆಗಿತ್ತು. ನಮ್ಮ ಕಡೆಯ ಜಿಲ್ಲೆಗಳಲ್ಲಿ ದಾಖಲೆಯಲ್ಲಿ ಕಾಡು ಅಂತ ಇಲ್ಲದ ಇಂಥ ತೋಪು, ಗೋಮಾಳದ ಮರಗಳು, ಕೆರೆ ಅಂಗಳದ ಜಾಲಿ ಎಷ್ಟಿವೆ ನೀವೇ ನೋಡಿದ್ದೀರಿ.

ಮಸೂದೆ ಸಂಸತ್ತಿನಲ್ಲಿ ಸದಾ ಇರುವ ಪರಿಸರದ ಸ್ಥಾಯಿ ಸಮಿತಿಗೆ ಹೋಗಬೇಕಿತ್ತು. ಆಗ ಅದರ ಅಧ್ಯಕ್ಷರಾಗಿದ್ದವರು ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದ ಜೈರಾಮ್ ರಮೇಶ್. ಸರ್ಕಾರ ಅದನ್ನು ಬಿಟ್ಟು ಎರಡೂ ಸದನದ 31 ಜನರ ಬೇರೆ ಜಂಟಿ ಸಮಿತಿ ಮಾಡಿತು. ರಾಜೇಂದ್ರ ಅಗರ್‌ವಾಲ್ ಅಧ್ಯಕ್ಷರು. ಜೈರಾಮ್ ರಮೇಶ್ ಬಹಿರಂಗವಾಗಿಯೇ ವಿರೋಧಿಸಿದರು. ನನಗೂ ಅದು ತಪ್ಪು ಅಂತಲೇ ಅನ್ನಿಸುತ್ತೆ. ವರ್ಷವಿಡೀ ಅದೇ ಸಚಿವಾಲಯದ ಕೆಲಸ ನೋಡುವವರಿಗೆ ಗೊತ್ತಿರುವಷ್ಟು ಹೊಸದಾಗಿ ಕೂತವರಿಗೆ ಗೊತ್ತಿರಲ್ಲ. ಇರಲಿ, ಆ ಸಮಿತಿ ಜನರ ಅಭಿಪ್ರಾಯ ಕೇಳಿತು. ನಮಗೆ ಅದೇ ಬಾಗಿಲು.

ಈಗ ಸೇವೆ ಹೇಗಿದೆ ಅನ್ನುವ ವಿಷಯಕ್ಕೆ ಬರುತ್ತೇನೆ. ಸಮಿತಿ ಅಭಿಪ್ರಾಯ ಕೇಳುವಾಗ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತೆ. ಸಾಮಾನ್ಯವಾಗಿ 15 ದಿನ ಟೈಮ್. ಮನವಿಯ ಎರಡು ಪ್ರತಿ ಕಳಿಸಬೇಕು, ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಇರಬೇಕು. ಇಮೇಲ್ ಮಾಡಬಹುದು, ಪೋಸ್ಟೂ ಮಾಡಬಹುದು. ಒಂದು ಪೈಸೆ ಶುಲ್ಕ ಇಲ್ಲ. ಖುದ್ದಾಗಿ ಬಂದು ಮಾತಾಡುವ ಆಸೆ ಇದ್ದರೆ ಅದನ್ನು ಬೇರೆಯಾಗಿ ಬರೆಯಬೇಕು, ಕರೆಯುವುದು ಬಿಡುವುದು ಸಮಿತಿಗೆ ಬಿಟ್ಟಿದ್ದು. ಇನ್ನೊಂದು ಮಾತು, ತುಂಬಾ ಜನಕ್ಕೆ ಇದು ಗೊತ್ತಿಲ್ಲ: ಕಳಿಸಿದ ಮೇಲೆ ಆ ಮನವಿ ಸಮಿತಿಯ ದಾಖಲೆ, ಗೋಪ್ಯ. ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿಕೊಂಡು ಓಡಾಡಬಾರದು.

15 ದಿನ ಸಾಲುತ್ತಾ? ಖಂಡಿತ ಸಾಲಲ್ಲ. ಆ ಬೇಸಿಗೆ ಜ್ಞಾಪಿಸಿಕೊಳ್ಳಿ. ಒಂದು ಕಡೆ ವಿಧಾನಸಭಾ ಚುನಾವಣೆ, ಇನ್ನೊಂದು ಕಡೆ ಮಾವಿನ ಸುಗ್ಗಿ. ಶ್ರೀನಿವಾಸಪುರದಲ್ಲಿ ಮಾವು ಇಳಿಸುವ ಹೊತ್ತಿನಲ್ಲಿ ಮದುವೆಗೇ ಜನ ಸಿಗಲ್ಲ, ಮಸೂದೆ ಓದಲು ಯಾರು ಸಿಗುತ್ತಾರೆ? ಊರಿನ ಹಿರಿಯರೊಬ್ಬರಿಗೆ ವಿಷಯ ಹೇಳಿದೆ. ಅವರು ಟೊಮೆಟೊ ಕ್ರೇಟಿನ ಮೇಲೆ ಕೂತಿದ್ದರು. ಪೂರ್ತಿ ಕೇಳಿ, "ತೋಪು ನಮ್ಮ ತಾತಂದಿರು ಇಟ್ಟಿದ್ದು ಕಣಪ್ಪಾ, ಅದನ್ನೇ ಬರಿ, ಬೇರೆ ಏನೂ ಬೇಡ" ಅಂದರು. ನಾನು ಅಲ್ಲಿಂದಲೇ ಶುರು ಮಾಡಿದೆ.

ಬರೆದಿದ್ದು ಕನ್ನಡದಲ್ಲಿ. ಟೈಪಿಂಗ್‌ಗೆ, ಇಂಗ್ಲಿಷ್ ಮಾಡಿಸುವುದಕ್ಕೆ ಒಂದು ಕಂಪ್ಯೂಟರ್ ಸೆಂಟರ್‌ಗೆ ಹೋದೆ. ಹೆಸರು ಬೇಡ, ಹುಡುಗ ಒಳ್ಳೆಯವನೇ. ಅವನು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ. ಇಂಗ್ಲಿಷ್ ಮಾಡುವ ಆಪ್‌ಗೆ ಹಾಕಿದಾಗ ಅಕ್ಷರವೆಲ್ಲ ಚಿತ್ರವಿಚಿತ್ರ ಗುರುತುಗಳಾಗಿ ಬಂದವು, ಯಾಕಂದರೆ ಅದು ಹಳೇ ಫಾಂಟ್, ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಮತ್ತೆ ಕೂತು ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿದೆವು, ಅದಕ್ಕೇ ಒಂದು ಸಂಜೆ ಹೋಯಿತು. ಆಮೇಲೆ ಇಂಗ್ಲಿಷ್ ಬಂತು ನೋಡಿ, ಗುಂಡುತೋಪು ಅನ್ನುವುದು ಬುಲೆಟ್ಟು, ಕ್ಯಾನನ್ನು ಅಂತ ಆಗಿತ್ತು. ಬಂದೂಕಿನ ಗುಂಡು, ಫಿರಂಗಿ ತೋಪು! ನಾನು ಗಮನಿಸದೇ ಕಳಿಸಿದ್ದರೆ ನಮ್ಮ ಹುಣಸೆ ಮರಗಳು ಮದ್ದಿನ ಮನೆ ಆಗಿ ದಿಲ್ಲಿ ಸೇರುತ್ತಿದ್ದವು, ಓದಿದವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ನನಗೆ ಅವತ್ತು ನಿಜವಾಗಿ ಸಂಕಟ ಆಯಿತು. ಹುಡುಗನ ಮೇಲೆ ಸಿಟ್ಟಲ್ಲ. ನಮ್ಮ ನೆಲದ ಬಗ್ಗೆ ನಮ್ಮ ಮಾತಿನಲ್ಲಿ ಹೇಳಿದರೆ ತೆಗೆದುಕೊಳ್ಳುವ ವ್ಯವಸ್ಥೆ ಇಲ್ಲವಲ್ಲ ಅಂತ. ಕೊನೆಗೆ ಗುಂಡುತೋಪು ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿ, ಊರಿನ ಜನ ನೆಟ್ಟು ಕಾಪಾಡಿದ ಮರಗಳ ಗುಂಪು ಅಂತ ಪಕ್ಕದಲ್ಲಿ ವಿವರ ಹಾಕಿಸಿ, ಕೊನೇ ದಿನಕ್ಕೆ ಮುಟ್ಟುವಂತೆ ಕಳಿಸಿದೆ.

ಭಾಷೆಗೆ 1 ಸ್ಟಾರ್ ಕೊಟ್ಟಿರುವುದು ಇದಕ್ಕೇ. ಅರ್ಜಿ ಸಮಿತಿಗೆ ಕೊಡುವ ಅರ್ಜಿಯಲ್ಲಾದರೆ ಬೇರೆ ಭಾಷೆಯಲ್ಲಿ ಬರೆದು, ಜೊತೆಗೆ ಹಿಂದಿ ಇಲ್ಲವೇ ಇಂಗ್ಲಿಷ್ ಅನುವಾದಕ್ಕೆ ಸಹಿ ಹಾಕಿ ಕೊಡಬಹುದು ಅಂತ ನಿಯಮವೇ ಇದೆ. ಅದನ್ನೇ ಇಲ್ಲೂ ಮಾಡಬಹುದಲ್ಲ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಬಂದಾಗ ದಿಲ್ಲಿ ಹೈಕೋರ್ಟ್, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗೂ ಅನುವಾದ ಮಾಡಿ ಅಂತ ಜೂನ್ 30ರಂದು ಆದೇಶ ಕೊಟ್ಟಿತ್ತು. ಕೋರ್ಟಿಗೆ ಅರ್ಥವಾದ ವಿಷಯ ಸಮಿತಿಗಳಿಗೂ ಅರ್ಥವಾಗಬೇಕು.

ಫಲ ಏನಾಯಿತು? 2023ರ ಜುಲೈ 20ಕ್ಕೆ ಜಂಟಿ ಸಮಿತಿಯ ವರದಿ ಮಂಡನೆಯಾಯಿತು. ಮಸೂದೆಯಲ್ಲಿ ಒಂದು ಬದಲಾವಣೆಯನ್ನೂ ಸಮಿತಿ ಹೇಳಲಿಲ್ಲ. ವಿರೋಧ ಪಕ್ಷದ ಸದಸ್ಯರು ಭಿನ್ನಮತ ಬರೆದರು. 26ಕ್ಕೆ ಲೋಕಸಭೆ, ಆಗಸ್ಟ್ 2ಕ್ಕೆ ರಾಜ್ಯಸಭೆ, ಮುಗಿಯಿತು. ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೂ ವರದಿ ಇಳಿಸಿಕೊಂಡು ಓದಿದೆ, ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ದಾಖಲೆಯಲ್ಲಿ ಇಲ್ಲದ ಕಾಡಿನ ಗತಿ ಏನು ಅನ್ನುವ ಪ್ರಶ್ನೆ ಅಲ್ಲಿದೆ. ಅದಕ್ಕೆ ಸಚಿವಾಲಯ ಲಿಖಿತವಾಗಿ ಉತ್ತರ ಕೊಡಬೇಕಾಗಿದೆ. ಸಚಿವಾಲಯ ಏನು ಅಂದಿತು, ಯಾರು ಒಪ್ಪಲಿಲ್ಲ ಅನ್ನುವುದೆಲ್ಲ ಅಚ್ಚಾಗಿದೆ. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಕೈಯಲ್ಲಿ ಹಿಡಿದುಕೊಳ್ಳಲು ಒಂದು ಕಾಗದ ಇದೆ. ಕೋರ್ಟಿಗೆ ಹೋದರೂ ಹೋದರು. 2024ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಿ ಅಂದಿತು. ಅವತ್ತು ಸಂಜೆ ನಾನು ಸುಮ್ನೆ ತೋಪಿಗೆ ಹೋಗಿ ಕೂತು ಬಂದೆ.

ವರದಿಗಳಿಗೆ ಮಾತ್ರ ಪೂರ್ತಿ 5. ಸಂಸತ್ತಿನ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಉಚಿತ. ಒಂದು ಸೂಚನೆ: ಸ್ಥಾಯಿ ಸಮಿತಿಗಳು ಒಟ್ಟು 24, ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಅದರಲ್ಲಿ 8 ರಾಜ್ಯಸಭೆಯ ಕಡೆ ಇವೆ. ಪರಿಸರದ್ದು ಆ ಎಂಟರಲ್ಲಿ ಒಂದು, ವಿಜ್ಞಾನ ತಂತ್ರಜ್ಞಾನದ ಜೊತೆ ಸೇರಿಕೊಂಡಿದೆ. ಲೋಕಸಭೆ ಪಟ್ಟಿಯಲ್ಲಿ ಹುಡುಕಬೇಡಿ. ಅಂತರ್ಜಲ ಬೇಕಾದರೆ ಜಲಸಂಪನ್ಮೂಲ ಸಮಿತಿ, ಅದು ಲೋಕಸಭೆ ಕಡೆ.

ವರದಿ ಬಂದ ಮೇಲೆ ಸರ್ಕಾರ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು. ಆಮೇಲೆ ಬರುವುದೇ ಕ್ರಮ ಕೈಗೊಂಡ ವರದಿ. ನಾನು ಮೊದಲು ತೆಗೆಯುವುದು ಅದನ್ನೇ. ಸಮಿತಿ ಹೇಳಿದ ಒಂದೊಂದು ಮಾತನ್ನೂ ಅಲ್ಲಿ ವಿಂಗಡಿಸಿ ಇಟ್ಟಿರುತ್ತಾರೆ: ಸರ್ಕಾರ ಒಪ್ಪಿದ್ದು ಒಂದು ಕಡೆ, ಉತ್ತರ ನೋಡಿ ಸಮಿತಿ ಕೈಬಿಟ್ಟಿದ್ದು ಒಂದು ಕಡೆ, ಉತ್ತರ ಸರಿಯಿಲ್ಲ ಅಂತ ಸಮಿತಿ ತಿರುಗಿಸಿ ಕೇಳಿದ್ದು ಇನ್ನೊಂದು ಕಡೆ, ಕೊನೇ ಉತ್ತರವೇ ಬಾರದಿದ್ದು ಮತ್ತೊಂದು ಕಡೆ. ಕೊನೆಯ ಎರಡನ್ನು ಓದಿದರೆ ಸಾಕು, ಎಲ್ಲಿ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಗುತ್ತೆ. ಸಮಿತಿ ಹೇಳಿದ್ದನ್ನು ಸರ್ಕಾರ ಮಾಡಲೇಬೇಕು ಅಂತೇನೂ ಇಲ್ಲ, ಸಲಹೆ ಅಷ್ಟೇ. ಆದರೆ ಮಾಡಲ್ಲ ಅನ್ನುವುದನ್ನಾದರೂ ಬರೆದು ಕೊಡಬೇಕಲ್ಲ.

ಇನ್ನು ದೊಡ್ಡ ಕೊರತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಇದು ನಮ್ಮ ಕೆರೆ ನೀರಿನ ವಿಷಯ. ಪರಿಸರದ ನಿಯಮಗಳಲ್ಲಿ ಬಹಳಷ್ಟು ಮಸೂದೆಯಾಗಿ ಬರುವುದೇ ಇಲ್ಲ, ಸಚಿವಾಲಯದ ಅಧಿಸೂಚನೆಯಾಗಿ ಬರುತ್ತವೆ. 1986ರ ಪರಿಸರ ಕಾಯ್ದೆ ಆ ಅಧಿಕಾರ ಕೊಟ್ಟಿದೆ. ಮಸೂದೆ ಇಲ್ಲದ ಮೇಲೆ ಸಮಿತಿಗೆ ಕಳಿಸುವ ಮಾತೇ ಇಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್, ಕೋಲಾರ ಕಡೆಯ 126 ಕೆರೆ ತುಂಬಿಸುವ ಕೆಸಿ ವ್ಯಾಲಿ ಯೋಜನೆ ನಿಮಗೆ ಗೊತ್ತು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು, ಜುಲೈನಲ್ಲಿ ಅಲ್ಲೇ ನೊರೆ ಎದ್ದಿತು. ಶುದ್ಧ ಮಾಡಿದ ನೀರು ಎಷ್ಟು ಶುದ್ಧ ಇರಬೇಕು ಅಂತ ಹೇಳುವವರು ಯಾರು? ಅದೂ ಅಧಿಸೂಚನೆ. ಬಿಒಡಿ ಅಂತ ಒಂದು ಅಳತೆ ಇದೆ, ನೀರಿನ ಕೊಳೆ ಕೊಳೆತು ಕರಗಲು ಎಷ್ಟು ಆಮ್ಲಜನಕ ಬೇಕು ಅನ್ನುವುದು. ಅಂಕಿ ದೊಡ್ಡದಾದಷ್ಟೂ ಕೊಳೆ ಜಾಸ್ತಿ. 2015ರ ಕರಡಿನಲ್ಲಿ ಅದು ಲೀಟರಿಗೆ 10 ಮಿಲಿಗ್ರಾಂ ದಾಟಬಾರದು ಅಂತಿತ್ತು. 2017ರ ಅಕ್ಟೋಬರ್‌ನಲ್ಲಿ ಕೊನೇ ಆದೇಶ ಬಂದಾಗ ಮಹಾನಗರಗಳಿಗೆ 20, ಉಳಿದ ಕಡೆ 30 ಆಯಿತು. 10 ಹೇಗೆ 20 ಆಯಿತು, ಯಾರು ಕೇಳಿದರು, ಯಾರು ಒಪ್ಪಿದರು? ಮಸೂದೆಯಾಗಿದ್ದರೆ ಯಾವುದೋ ಸಮಿತಿ ಅಧಿಕಾರಿಗಳನ್ನು ಕೂರಿಸಿ ಇದೇ ಪ್ರಶ್ನೆ ಕೇಳುತ್ತಿತ್ತು, ಉತ್ತರ ವರದಿಯಲ್ಲಿ ಅಚ್ಚಾಗುತ್ತಿತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ ಆ ಸಡಿಲಿಕೆ ಸರಿಯಿಲ್ಲ ಅಂದಿತು. ಆದರೆ ಅದು ಯಾರೋ ಕೇಸು ಹಾಕಿದ್ದರಿಂದ. ನಮ್ಮ ಕೆರೆ ನೀರಿನದ್ದೂ ಅಷ್ಟೇ, ನೊರೆ ಎದ್ದ ಮೇಲೆ ಕೇಸು, ಕೇಸಿನ ಮೇಲೆ ತಡೆ, ತಡೆಯ ಮೇಲೆ ಮೇಲ್ಮನವಿ. ಅಷ್ಟರಲ್ಲಿ ನೀರು ಕೆರೆಗೆ ಬಂದು ಬೋರ್‌ವೆಲ್‌ಗೂ ಇಳಿದಿರುತ್ತೆ.

ನೀರು ಬೇಡ ಅಂತ ನಾನು ಹೇಳುತ್ತಿಲ್ಲ. 1,500 ಅಡಿ ಕೊರೆದು ಬರೀ ದೂಳು ಕಂಡವರು ನಾವು, ಕೆರೆಯಲ್ಲಿ ನೀರು ನೋಡಿದಾಗ ಕಣ್ಣು ತುಂಬಿದ್ದು ನಿಜ. ಆ ನೀರಿನ ಅಳತೆ ಗಟ್ಟಿಯಾಗುವ ಮೊದಲು ಯಾರಾದರೂ ಕೂತು ಪ್ರಶ್ನೆ ಕೇಳಲಿ ಅನ್ನುತ್ತಿದ್ದೇನೆ. ಅಧೀನ ಶಾಸನ ಸಮಿತಿ ಅಂತ ಎರಡೂ ಸದನದಲ್ಲಿದೆ, ನಿಯಮಗಳನ್ನು ಆಮೇಲೆ ನೋಡುತ್ತೆ. ಆಮೇಲೆ ನೋಡಿದರೆ ಸಾಲದು.

ಮಸೂದೆಗಳೂ ಈಗ ಕಡಿಮೆ ಹೋಗುತ್ತಿವೆ. ಪಿಆರ್‌ಎಸ್ ಅಂತ ಸಂಸತ್ತಿನ ಕೆಲಸದ ಲೆಕ್ಕ ಇಡುವ ಸಂಸ್ಥೆ ಇದೆ, ಅದರ ಪ್ರಕಾರ 15ನೇ ಲೋಕಸಭೆಯಲ್ಲಿ 100ಕ್ಕೆ 71 ಮಸೂದೆ ಸಮಿತಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ 16. ಸಭೆಗಳೂ ಮುಚ್ಚಿದ ಬಾಗಿಲೊಳಗೆ ನಡೆಯುತ್ತವೆ, ಟಿವಿಯಲ್ಲಿ ಬರಲ್ಲ. ಇದರ ಬಗ್ಗೆ ನನಗೆ ಅಷ್ಟು ತಕರಾರಿಲ್ಲ, ಕ್ಯಾಮೆರಾ ಇಲ್ಲದಿದ್ದರೆ ಎಲ್ಲ ಪಕ್ಷದವರೂ ಸ್ವಲ್ಪ ನೆಟ್ಟಗೆ ಮಾತಾಡುತ್ತಾರೆ.

ಬಳಸುವವರಿಗೆ ಕೊನೆಯದಾಗಿ ಎರಡು ಮಾತು. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ, ಇಂಗ್ಲಿಷ್ ಆದ ಮೇಲೆ ಊರಿನ ಯಾರಾದರೂ ಓದಿದವರ ಕೈಯಲ್ಲಿ ಒಮ್ಮೆ ಓದಿಸಿ, ಕುಂಟೆ, ಗೋಕಟ್ಟೆ, ರಾಜಕಾಲುವೆ ಇಂಥ ಮಾತುಗಳನ್ನು ಹಾಗೇ ಉಳಿಸಿ ಪಕ್ಕದಲ್ಲಿ ವಿವರ ಹಾಕಿ. ಮಸೂದೆಯ ಯಾವ ಕಲಂ, ಏನು ತೊಂದರೆ, ಬದಲಿಗೆ ಏನಿರಬೇಕು ಅಂತ ಎರಡು ಪುಟದಲ್ಲಿ ಬರೆದರೆ ಸಾಕು. ನಾನು ಕಳಿಸಿದ್ದನ್ನು ತೋರಿಸಲು ಆಗಲ್ಲ, ಆಗಲೇ ಹೇಳಿದೆನಲ್ಲ, ಅದು ಸಮಿತಿಯ ದಾಖಲೆ. ಹೇಗೆ ಬರೆಯಬೇಕು ಅಂತ ಬೇಕಾದರೆ ಕೂತು ಹೇಳಿಕೊಡುತ್ತೇನೆ. ನಮ್ಮ ಕಡೆಯವರಾದರೆ ಭಾನುವಾರ ಬೆಳಗ್ಗೆ ತೋಪಿಗೇ ಬನ್ನಿ, ನಿಮ್ಮ ಊರಿನ ತೋಪಿನ ಪಹಣಿ ಮರೆಯದೆ ತನ್ನಿ.