ನಾಲ್ಕು ತಂತಿ, ಎರಡು ಊರಿನ ಹವೆ: ಒಂದು ಅಗ್ಗದ ಬೇಸ್ ಗಿಟಾರ್ ಜೊತೆ ಒಂಬತ್ತು ವರ್ಷ

"ತಂತಿ ಎರಡು ಕಡಿಮಿ, ರೊಕ್ಕ ಮಾತ್ರ ಜಾಸ್ತಿ. ಎಂಥಾ ವ್ಯಾಪಾರನೋ ಇದು?"

2016ರ ಜುಲೈನಲ್ಲಿ ತಗ್ಗು ದನಿಯ ಬೇಸ್ ಗಿಟಾರನ್ನು ಬೆಳಗಾವಿಯ ಮನೆಗೆ ತಂದ ದಿನ ಅವ್ವ ಕೇಳಿದ ಮೊದಲ ಮಾತು ಇದು. ಲೆಕ್ಕ ಸರಿಯಾಗೇ ಇತ್ತು. ಅಣ್ಣನ ಆರು ತಂತಿಯ ಗಿಟಾರಿಗೆ 4,500 ರೂಪಾಯಿ ಕೊಟ್ಟಿದ್ದೆವು. ನಾನು ನಾಲ್ಕು ತಂತಿಗೆ 13,800 ಎಣಿಸಿ ಬಂದಿದ್ದೆ. ಮೇಲೆ ಮಳೆ ಬೇರೆ. ರಿಕ್ಷಾದಲ್ಲಿ ಬೇಸಿಗೆ ರೇನ್‌ಕೋಟ್ ಹೊದಿಸಿ ನಾನು ತೊಯ್ದುಕೊಂಡು ಬಂದಿದ್ದೆ.

ಕಂಪನಿಯ ಹೆಸರು ಬೇಡ. ಕೆಳಗೆ ಒಂದಷ್ಟು ಬೈಗುಳವೂ ಇದೆ. ಅಲ್ಲದೆ ಈ ಆಕಾರದ ಬೇಸನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ಮೂಲ 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ತಂದ ಪ್ರಿಸಿಶನ್ ಬೇಸ್. ಅಲ್ಲಿಯವರೆಗೆ ಬೇಸ್ ಬಾರಿಸುವವರು ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಿತ್ತು. ಅದಕ್ಕೆ ಫ್ರೆಟ್, ಅಂದರೆ ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿ, ಇಲ್ಲ, ಸ್ವರ ಎಲ್ಲಿದೆ ಎಂದು ಕಿವಿಯಿಂದಲೇ ಹುಡುಕಬೇಕು. ಫೆಂಡರ್ ಫ್ರೆಟ್ ಹಾಕಿದರು, ಬೆರಳು ಇಟ್ಟಲ್ಲಿ ಸ್ವರ ನಿಖರವಾಗಿ ಬಂತು, ಪ್ರಿಸಿಶನ್ ಎಂಬ ಹೆಸರೂ ಅದಕ್ಕೇ ಬಂತು. ನನ್ನದು ಅದರ ಬಡ ತಮ್ಮ. 34 ಇಂಚಿನ ತಂತಿ ಅಳತೆ, 20 ಫ್ರೆಟ್, ತಂತಿಯ ಕಂಪನವನ್ನು ಕರೆಂಟಾಗಿಸುವ, ಎರಡು ತುಂಡಾಗಿ ಕೂತ ಒಂದು ಪಿಕಪ್, ಒಂದು ವಾಲ್ಯೂಮ್ ಗುಂಡಿ, ಒಂದು ಟೋನ್ ಗುಂಡಿ. ಬ್ಯಾಟರಿ ಬೇಕಿಲ್ಲ. ಕೆಡುವಂಥದ್ದು ಕಡಿಮೆ ಇರುವ ವಾದ್ಯ ಬೇಕು ಅನ್ನುವವರಿಗೆ ಇಷ್ಟು ಸಾಕು.

ಬೇಸೇ ಯಾಕೆ ಎಂದು ಜನ ಕೇಳುತ್ತಾರೆ. ಆರೇಳು ವರ್ಷದವನಿದ್ದಾಗ ಅಜ್ಜಿ ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದಳು. ಗದ್ದಲ, ಭಂಡಾರ, ಉಧೋ ಉಧೋ. ನನಗೆ ಕಾಲು ನೋವು. ಒಂದು ಕಟ್ಟೆಯ ಮೇಲೆ ಕೂರಿಸಿದರು. ಪಕ್ಕದಲ್ಲಿ ಒಬ್ಬ ಜೋಗತಿ ಚರ್ಮ ಬಿಗಿದ ಚೌಡಿಕೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಹಾಡುತ್ತಿದ್ದಳು. ಚರ್ಮದ ನಡುವಿನಿಂದ ಒಂದೇ ಒಂದು ತಂತಿ ಹೊರಟು ಕೋಲಿನ ತುದಿಯ ಗೂಟಕ್ಕೆ ಹೋಗಿತ್ತು. ಅದನ್ನು ಬಿಗಿ ಮಾಡಿದಾಗ ದನಿ ಮೇಲೇರುತ್ತಿತ್ತು, ಸಡಿಲ ಬಿಟ್ಟಾಗ ಹೊಟ್ಟೆಯೊಳಗೆ ಇಳಿಯುತ್ತಿತ್ತು. ಡಂವ್... ಡುಂವ್. ನಾನು ಕೂತಿದ್ದ ಕಟ್ಟೆಯ ಕಲ್ಲೇ ನಡುಗಿದ ಹಾಗೆ ಅನಿಸಿತ್ತು. ಹಾಡು ಒಂದಕ್ಷರ ನೆನಪಿಲ್ಲ. ಆ ಡುಂವ್ ಮಾತ್ರ ಹಾಗೇ ಇದೆ.

ಮುಂದೆ ಕಾಲೇಜಿನಲ್ಲಿ ಗಣಪತಿ ಹಬ್ಬದ ಆರ್ಕೆಸ್ಟ್ರಾದವರ ಹಿಂದೆ ವೈರು ಸುತ್ತುತ್ತಾ ತಿರುಗುವಾಗ ಕೀಬೋರ್ಡಿನ ಕಾಕಾ ಎಡಗೈಯಲ್ಲೇ ಬೇಸ್ ಒತ್ತುತ್ತಿದ್ದರು. "ಗಿಟಾರ್ ಬಾರಸವ್ರು ಗಲ್ಲಿಗೆ ಹತ್ತು ಮಂದಿ ಅದಾರ, ಬೇಸ್‌ನವ್ರು ಒಬ್ರೂ ಇಲ್ಲ. ನೀ ಅದನ್ನ ಕಲಿ ತಮ್ಮಾ, ನನ್ನ ಎಡಗೈ ಉಳಸು" ಅಂದರು. ಹಾಗೆ ಶುರು.

ಈಗ ವಾದ್ಯದ ವಿಷಯ. ಅಂಗಡಿಯಲ್ಲಿ ಯಾರೂ ಹೇಳದ ಮಾತು ಒಂದಿದೆ: ನೀವು ಕೊಳ್ಳುವುದು ಒಂದು ಮರದ ತುಂಡು, ಅದಕ್ಕೆ ಹವೆ ತಾಗುತ್ತದೆ. ಮೊದಲ ಮೂರು ವರ್ಷ ಬೇಸ್ ಬೆಳಗಾವಿಯಲ್ಲಿತ್ತು. ಇಲ್ಲಿಯ ಮಳೆಗಾಲ ಗೊತ್ತಲ್ವಾ, ಒಣಹಾಕಿದ ಅಂಗಿ ಮೂರು ದಿನ ಹಸಿಯಾಗೇ ಇರುತ್ತದೆ. ಆಗಸ್ಟ್ ಹೊತ್ತಿಗೆ ನೆಕ್, ಅಂದರೆ ಫ್ರೆಟ್‌ಗಳಿರುವ ಉದ್ದ ಕತ್ತು, ಮುಂದಕ್ಕೆ ಬಾಗಿ ತಂತಿ ಮೇಲೆದ್ದು, ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಲು ಬೆರಳು ಬಾಯಿ ಬಿಡುತ್ತಿತ್ತು. ಬೇಸ್ ಅಂದರೆ ಹೀಗೇ ಗಟ್ಟಿ ಇರುತ್ತದೆ ಅಂದುಕೊಂಡು ಸುಮ್ನೆ ಬಾರಿಸಿದೆ. ಎರಡು ಮಳೆಗಾಲ ದಡ್ಡನ ಹಾಗೆ.

2019ರಲ್ಲಿ ಕೆಲಸದ ಮೇಲೆ ವಿಜಯಪುರಕ್ಕೆ ಹೋದೆ, ಬೇಸೂ ಬಂತು. ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲಿನ ಆ ಕೋಣೆ ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಒಂದು ಸಂಜೆ ನೆಕ್ ಮೇಲೆ ಕೈ ಜಾರಿಸಿದರೆ ಅಂಗೈಗೆ ಏನೋ ಕೆರೆಯಿತು. ನೋಡಿದರೆ ಪ್ರತಿ ಫ್ರೆಟ್ಟಿನ ತುದಿ ಕೂದಲೆಳೆಯಷ್ಟು ಹೊರಗೆ ಬಂದಿದೆ. ಮರ ಒಣಗಿ ಕುಗ್ಗಿತ್ತು, ಲೋಹ ಕುಗ್ಗಿರಲಿಲ್ಲ. ಮೇಲೆ ಮೊದಲ ಮೂರು ಫ್ರೆಟ್ಟಿನಲ್ಲಿ ಜರ್ ಜರ್ ಸದ್ದು. ಕೊಂಡ ಅಂಗಡಿಗೆ ಫೋನ್ ಮಾಡಿದೆ. "ತಂತಿ ಬದಲಿಸಿ ನೋಡ್ರಿ" ಅಂದರು. ಬದಲಿಸಿದೆ, 1,900 ರೂಪಾಯಿ ಹೋಯಿತು, ಜರ್ ಜರ್ ಹಾಗೇ ಉಳಿಯಿತು.

ಕೊನೆಗೆ ನಾನೇ ಕಲಿತೆ. ನೆಕ್ಕಿನ ಒಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ಇರುತ್ತದೆ. ತಂತಿಗಳು ನೆಕ್ಕನ್ನು ಮುಂದಕ್ಕೆ ಎಳೆಯುತ್ತವೆ, ಸರಳು ಹಿಂದಕ್ಕೆ ಎಳೆಯುತ್ತದೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯದರಲ್ಲೂ ಒತ್ತಿ ಹಿಡಿದು ಏಳೆಂಟನೇ ಫ್ರೆಟ್ಟಿನ ಮೇಲೆ ಎಷ್ಟು ಸಂದಿ ಇದೆ ನೋಡಬೇಕು. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.3 ಮಿಲಿಮೀಟರ್, ಇದ್ದರೆ ಸಾಕು. ಸಂದಿಯೇ ಇಲ್ಲದಿದ್ದರೆ ಸರಳಿನ ತುದಿಗೆ ಎಲ್ ಆಕಾರದ ಕೀ ಹಾಕಿ ಎಡಕ್ಕೆ ಕಾಲು ಸುತ್ತು ಸಡಿಲಿಸಬೇಕು, ಜಾಸ್ತಿ ಇದ್ದರೆ ಬಲಕ್ಕೆ ಕಾಲು ಸುತ್ತು ಬಿಗಿ ಮಾಡಬೇಕು. ಆಮೇಲೆ ಕೈ ಕಟ್ಟಿಕೊಂಡು ಒಂದು ರಾತ್ರಿ ಕಾಯಬೇಕು. ಅವಸರ ಮಾಡಿ ಪೂರ್ತಿ ಸುತ್ತು ತಿರುಗಿಸಿದರೆ ಸರಳು ತುಂಡಾಗಬಹುದು, ಆಮೇಲೆ ಆ ನೆಕ್ ಒಲೆಗೆ. ನಾನು ಮೊದಲ ಸಲ ತಿರುಗಿಸಿದಾಗ ಮರ ಒಂದು ಸಲ "ಟಿಕ್" ಅಂತು. ಎದೆ ಧಸಕ್ ಅಂತು. ಬೆಳಿಗ್ಗೆ ನೋಡಿದರೆ ಜರ್ ಜರ್ ಮಾಯ. ಫ್ರೆಟ್ ತುದಿಗಳನ್ನು ಮರಕ್ಕೆ ಟೇಪ್ ಅಂಟಿಸಿ ಸಣ್ಣ ಅರದಿಂದ ಉಜ್ಜಿದೆ. ಎರಡು ಭಾನುವಾರ ಹಿಡಿಯಿತು.

ಈಗ ವರ್ಷಕ್ಕೆ ಎರಡು ಸಲ, ಜೂನ್ ಕೊನೆಗೆ ಮತ್ತು ಮಾರ್ಚಿನಲ್ಲಿ, ಕಾಲು ಸುತ್ತು. ಚೀಲದಲ್ಲಿ ಬೂಟಿನ ಡಬ್ಬಿಯಿಂದ ಕೂಡಿಸಿದ ಸಿಲಿಕಾ ಜೆಲ್ ಪೊಟ್ಟಣಗಳು. ಅಷ್ಟೇ ಆರೈಕೆ.

ಜರ್ ಜರ್ ಅಂದಾಗ ತಂತಿವಾದ್ಯ ಮಾಡುವ ಊರು ಮಿರಜ ನೆನಪಾಗುತ್ತದೆ. ಬೆಳಗಾವಿಯಿಂದ ರೈಲು ಹತ್ತಿದರೆ ಮೂರು ತಾಸಿನ ದಾರಿ. ಅಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಆ ಊರಿನದೇ ವಿಶೇಷ ಎಂದು ಗುರುತಿಸುವ ಜಿಐ ಟ್ಯಾಗ್ ಸಿಕ್ಕಿತು. ಒಂದು ಅಂಗಡಿಯಲ್ಲಿ ಹಿರಿಯರೊಬ್ಬರು ತಂಬೂರಿಯ ತಂತಿ ಕೂರುವ ಕುದುರೆಯನ್ನು ಉಜ್ಜಿ ಉಜ್ಜಿ, ತಂತಿಯ ಕೆಳಗೆ ನೂಲಿನ ಎಳೆ ಸರಿಸಿ, ಬೇಕೆಂದೇ ಝೇಂಕಾರ ತರಿಸುವುದನ್ನು ನೋಡಿದೆ. ಅದಕ್ಕೆ ಅವರ ಮಾತು ಜವಾರಿ. ನಮ್ಮ ಕಡೆ ಜವಾರಿ ಅಂದರೆ ನಾಟಿ ಕೋಳಿ, ನಾಟಿ ಬದನೆಕಾಯಿ. ನಾನು 1,900 ಖರ್ಚು ಮಾಡಿ ಓಡಿಸಲು ನೋಡಿದ ಸದ್ದನ್ನು ಇವರು ಕರೆದು ಕೂರಿಸುತ್ತಿದ್ದಾರಲ್ಲ ಅನಿಸಿ ನಗು ಬಂತು.

ತಂತಿಯ ಕಥೆ ಬೇರೆಯೇ. ಬೇಸಿನ ಜೊತೆ ಬಂದದ್ದು ರೌಂಡ್‌ವೂಂಡ್, ಅಂದರೆ ಮೇಲೆ ದುಂಡು ತಂತಿ ಸುತ್ತಿದ್ದು. ಹೊಸದರಲ್ಲಿ ಕಿಣಿಕಿಣಿ, ಮೂರು ತಿಂಗಳಿಗೆ ಬೆವರು, ಜಿಡ್ಡು ಕೂತು ಸತ್ತ ಹಾಗೆ. ಕುದಿಸಿದರೆ ಜೀವ ಬರುತ್ತದೆ ಎಂದು ಯಾರೋ ಹೇಳಿದರು. ಪಾತ್ರೆಯಲ್ಲಿ ಸುರುಳಿ ಸುತ್ತಿ ಹತ್ತು ನಿಮಿಷ ಕುದಿಸುತ್ತಿದ್ದೆ. ಅವ್ವ ಬಂದು ಇಣುಕಿ "ಶಾವಿಗಿ ಕುದಸಾಕತ್ತೀಯೇನೋ?" ಅಂದಳು. ಗೊತ್ತಾದ ಮೇಲೆ ಆ ಪಾತ್ರೆ ನನ್ನದೇ ಆಯಿತು. ಕುದಿಸಿದ್ದು ಎರಡು ವಾರ ನಡೆಯಿತು, ಅಷ್ಟೇ.

2020ರಲ್ಲಿ 3,200 ಕೊಟ್ಟು ಫ್ಲ್ಯಾಟ್‌ವೂಂಡ್, ಅಂದರೆ ಚಪ್ಪಟೆ ಪಟ್ಟಿ ಸುತ್ತಿದ್ದು, ಹಾಕಿಸಿದೆ. ಮೇಲ್ಮೈ ನುಣುಪು, ಬೆರಳು ಸರಿದರೆ ಕಿರಿಕಿರಿ ಸದ್ದಿಲ್ಲ. ಇವತ್ತಿಗೂ ಅದೇ ತಂತಿ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೊದಲ್ಲಿ ಬೇಸ್ ಬಾರಿಸುತ್ತಿದ್ದ ಜೇಮ್ಸ್ ಜಾಮರ್ಸನ್ ಇಂಥದೇ ತಂತಿಗಳನ್ನು 1962ರ ಪ್ರಿಸಿಶನ್ ಮೇಲೆ ಹಾಕಿ ವರ್ಷಗಟ್ಟಲೆ ಬದಲಿಸದೆ ಒಂದೇ ತೋರುಬೆರಳಿನಲ್ಲಿ ಮೀಟುತ್ತಿದ್ದರು. ತಂತಿ ಬದಲಿಸಲು ಜಿಪುಣತನ ಮಾಡುವವರಿಗೆಲ್ಲ ಇದು ಒಳ್ಳೆ ನೆಪ. ಅವರ ಬೇಸಿನ ಬ್ರಿಜ್ (ತಂತಿಗಳ ಬುಡ ಕೂರುವ ಲೋಹದ ಕುದುರೆ) ಮುಚ್ಚಳದ ಕೆಳಗೆ ಸ್ಪಂಜೂ ಇರುತ್ತಿತ್ತು. ಓದಿದ ದಿನವೇ ಪಾತ್ರೆ ತಿಕ್ಕುವ ಹೊಸ ಸ್ಪಂಜು ಕತ್ತರಿಸಿ ಬ್ರಿಜ್ ಹತ್ತಿರ ತಂತಿಗಳ ಕೆಳಗೆ ತುರುಕಿದೆ. ಸ್ವರ ಹುಟ್ಟಿದ ಕೂಡಲೇ ದಪ್ಪಗೆ ಕೂತುಬಿಡುತ್ತದೆ, ಎಳೆಯುವುದಿಲ್ಲ. ಎ ತಂತಿಯನ್ನು ಮೀಟಿ ಬೆರಳಲ್ಲಿ ಸ್ವಲ್ಪ ಜಗ್ಗಿದೆ. ಡುಂವ್. ಗುಡ್ಡದ ಕಟ್ಟೆ ನೆನಪಾಯಿತು. ಹತ್ತು ರೂಪಾಯಿಯ ಸ್ಪಂಜು ಕೊಟ್ಟ ದನಿಯನ್ನು ನಾನು ಖರ್ಚು ಮಾಡಿ ತಂದ, ದನಿ ಬದಲಿಸುವ ಯಾವ ಪೆಡಲ್ಲೂ ಕೊಡಲಿಲ್ಲ.

ಕರೆಂಟಿನ ವಿಷಯ ಬಿಡುವ ಹಾಗಿಲ್ಲ. 2018ರ ಗಣಪತಿ ಹಬ್ಬ, ಒಂದು ಮಂಟಪ. ಪಕ್ಕದ ಮನೆಯಿಂದ ಎರಡು ಪಿನ್ನಿನ ವೈರು ಎಳೆದಿದ್ದರು, ಅರ್ಥಿಂಗ್ ಇರಲಿಲ್ಲ. ಕೋರಸ್ ಹಾಡಲು ಮೈಕಿಗೆ ತುಟಿ ತಾಗಿಸಿದೆ, ಇರುವೆ ಅಲ್ಲ, ಚೇಳು ಕಚ್ಚಿದ ಹಾಗಾಯಿತು. ಬೇಸಿನ ತಂತಿಗಳು ಬ್ರಿಜ್ ಮೂಲಕ ಆಂಪಿನ (ಸದ್ದು ಹೆಚ್ಚಿಸುವ ಡಬ್ಬಿಯ) ಅರ್ಥಿಗೆ ಸೇರಿರುತ್ತವೆ. ಆ ಅರ್ಥಿಂಗೇ ಸುಳ್ಳಾದರೆ ಮೈಕಿಗೂ ತಂತಿಗೂ ನಡುವೆ ನೀವೇ ವೈರು. ಅವತ್ತಿನಿಂದ ಚೀಲದಲ್ಲಿ ಟೆಸ್ಟರ್ ಇದೆ. ಮೈಕಿಗೆ ಸ್ಪಂಜಿನ ಟೋಪಿ ಹಾಕದೆ ಹತ್ತಿರ ಹೋಗುವುದಿಲ್ಲ. ಪ್ಲಗ್ಗಿನ ಮೂರನೇ, ಅಂದರೆ ಅರ್ಥಿಂಗಿನ, ಪಿನ್ ಕತ್ತರಿಸುವವರ ಜೊತೆ ಕಾರ್ಯಕ್ರಮ ಒಪ್ಪುವುದಿಲ್ಲ. ಈ ಮಾದರಿಯ ಪಿಕಪ್ಪು ಎರಡು ತುಂಡಾಗಿ, ಒಂದಕ್ಕೊಂದು ಉಲ್ಟಾ ಸುತ್ತಿರುವುದರಿಂದ ತಾನಾಗಿ ಗುಂಯ್ ಅನ್ನುವುದಿಲ್ಲ. 1957ರಿಂದ ಪ್ರಿಸಿಶನ್‌ಗೆ ಬಂದ ವ್ಯವಸ್ಥೆ ಅದು. ಗುಂಯ್ ಅಂದರೆ ಬೇಸನ್ನಲ್ಲ, ಮಂಟಪದ ವೈರಿಂಗನ್ನು ಅನುಮಾನಿಸಿ.

ಮನೆಯ ಆಂಪು 15 ವಾಟ್, 8 ಇಂಚಿನ ಸ್ಪೀಕರ್. ದಪ್ಪ ಇ ತಂತಿ 41 ಹರ್ಟ್ಜ್ ಆಸುಪಾಸು, ಆ ಪುಟ್ಟ ಡಬ್ಬಿಗೆ ಅದು ದಕ್ಕುವುದಿಲ್ಲ. ಅಭ್ಯಾಸಕ್ಕೆ ಓಕೆ.

ಕೆಟ್ಟದ್ದು: ವೈರು ಸಿಕ್ಕಿಸುವ ಜಾಕ್ ಮೂರು ಸಲ ಸಡಿಲವಾಗಿ ಒಳಗಿನ ವೈರು ಕಿತ್ತಿದೆ. ಮೂರು ಸಲವೂ ಟಿವಿ ರಿಪೇರಿಯವರೇ 50 ರೂಪಾಯಿಗೆ ಬೆಸುಗೆ ಹಾಕಿಕೊಟ್ಟರು. ವಾಲ್ಯೂಮ್ ಗುಂಡಿ ಕರಕರ ಅಂದಾಗ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ. ತೂಕ ಜಾಸ್ತಿ, ಮೂರು ತಾಸಿನ ಕಾರ್ಯಕ್ರಮಕ್ಕೆ ಅಗಲ ಪಟ್ಟಿ ಇಲ್ಲದೆ ಎಡ ಭುಜ ಉಳಿಯುವುದಿಲ್ಲ. ಬಣ್ಣ ಎರಡು ಕಡೆ ಚಕ್ಕೆ ಎದ್ದಿದೆ, ಅದು ನನ್ನದೇ ತಪ್ಪು, ಬಸ್ಸಿನ ಡಿಕ್ಕಿಯಲ್ಲಿ ಹಾಕಬಾರದಿತ್ತು.

ಹೊಸಬರು ಕೊಳ್ಳಬಹುದಾ? ಕೊಳ್ಳಬಹುದು. ಆದರೆ ಬೆಲೆಯ ಜೊತೆ ಎಲ್ ಕೀ, ಪಟ್ಟಿ, ಒಳ್ಳೆ ತಂತಿ ಸೇರಿಸಿ ಇನ್ನೊಂದು ಐದು ಸಾವಿರ ಎತ್ತಿಡಿ. ಮಳೆಗಾಲದಲ್ಲಿ ಕೊಂಡು ಅದೇ ದಿನ ತೀರ್ಪು ಕೊಡಬೇಡಿ.

ಈಗ ಬಾಕಿ ಇರುವುದು ಜಿ ತಂತಿಯ ಶ್ರುತಿ ಬಿಗಿಮಾಡುವ ಕೀಲಿ. ಹಲ್ಲು ಸವೆದು ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಇಳಿಯುತ್ತದೆ. ಅಂಗಡಿಯಲ್ಲಿ ನಾಲ್ಕರ ಸೆಟ್ ಕೊಡುತ್ತಾರಂತೆ, ಒಂದು ಕೊಡುವುದಿಲ್ಲವಂತೆ. ಉಳಿದ ಮೂರು ಗಟ್ಟಿಯಾಗಿವೆ. ಯಾರ ಹತ್ತಿರವಾದರೂ ಹಳೆ ಬೇಸಿನ ಬಿಡಿ ಕೀಲಿ ಒಂದಿದ್ದರೆ ಹೇಳಿ, ಬಸ್ ಹತ್ತಿ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.